ಮುಖವಿಲ್ಲದ ಸಂತೆಯಲ್ಲಿ ಅಮಾನತ್

ಅಪರಿಚಿತನಿಂದ ಸರಕು ಕೊಳ್ಳುವಾಗ ನಾವು ಅಂಗಡಿಯ ಬೋರ್ಡು, ನೆರೆಯವರ ಮಾತು, ತಕ್ಕಡಿ ಹಿಡಿದವನ ಮುಖ ಇವುಗಳನ್ನು ನೋಡುತ್ತೇವೆ. ಇವು ಯಾವುವೂ ಇಲ್ಲದ ಸಂತೆಯೊಂದನ್ನು ರಾಸ್ ಉಲ್‌ಬ್ರಿಕ್ಟ್ ಎಂಬ ಅಮೇರಿಕದ ಯುವಕನು 2011ರಲ್ಲಿ ಇಂಟರ್‌ನೆಟ್ಟಿನಲ್ಲಿ ತೆರೆದನು. ಅದರ ಹೆಸರು 'ಸಿಲ್ಕ್ ರೋಡ್'. ಅಲ್ಲಿ ಮುಖ್ಯವಾಗಿ ಮಾರಾಟವಾಗುತ್ತಿದ್ದುದು ಮಾದಕ ವಸ್ತುಗಳು. ಗಿರಾಕಿ ಎಲ್ಲಿದ್ದಾನೆಂಬುದನ್ನು 'ಟಾರ್' ಎಂಬ ವ್ಯವಸ್ಥೆ ಮರೆಮಾಡುತ್ತಿತ್ತು. ಹಣವು ಬ್ಯಾಂಕನ್ನು ಮುಟ್ಟದೆ ಬಿಟ್‌ಕಾಯಿನ್ ರೂಪದಲ್ಲಿ ಸಲ್ಲುತ್ತಿತ್ತು. ಸರಕು ಮಾತ್ರ ಅಂಚೆಯಲ್ಲಿ ಬರುತ್ತಿತ್ತು.

ಹೆಸರಿಲ್ಲದವರು ಪರಸ್ಪರ ನಂಬಿದ್ದಾದರೂ ಹೇಗೆ? ಗಿರಾಕಿಯ ಹಣ ಸಂತೆಯ ಯಜಮಾನನ ಬಳಿ ಠೇವಣಿಯಾಗಿ ಉಳಿಯುತ್ತಿತ್ತು. ಸರಕು ತಲುಪಿತೆಂದು ಅವನು ತಿಳಿಸಿದ ಮೇಲೆಯೇ ಅದು ಮಾರಿದವನ ಕೈಸೇರುತ್ತಿತ್ತು. ಗಿರಾಕಿಗಳು ಮಾರುವವರಿಗೆ ಅಂಕವನ್ನೂ ಕೊಡುತ್ತಿದ್ದರು. ವಿಷ ಮಾರುವವನಿಗೂ ಪ್ರಾಮಾಣಿಕನೆಂಬ ಹೆಸರು ಬೇಕಾಯಿತು ನೋಡಿ! ತೂಕ ಸರಿಯಿದ್ದ ಮಾತ್ರಕ್ಕೆ ಸರಕು ಹಲಾಲ್ ಆಗದೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಮನಿಸಬೇಕಾದುದು ಬೇರೆ. ಯಾರನ್ನೂ ನಂಬದೆ ವ್ಯಾಪಾರ ಮಾಡಬಹುದೆಂದು ಹೊರಟವರು ಕೊನೆಗೆ, ಮುಖ ಕಾಣದ ಒಬ್ಬ ಯಜಮಾನನ ಅಮಾನತ್‌ಗೆ ತಮ್ಮ ಹಣವನ್ನೆಲ್ಲ ಒಪ್ಪಿಸಿದ್ದರು.

2013ರ ಅಕ್ಟೋಬರಿನಲ್ಲಿ ಉಲ್‌ಬ್ರಿಕ್ಟ್ ಸ್ಯಾನ್ ಫ್ರಾನ್ಸಿಸ್ಕೋದ ಸಾರ್ವಜನಿಕ ಗ್ರಂಥಾಲಯದಲ್ಲಿ ಬಂಧಿತನಾದನು. 2015ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಕ್ಷಮಾದಾನ ನೀಡಿದರು. ಅಷ್ಟರಲ್ಲಿ ಅಂತಹ ಸಂತೆಗಳು ಹಲವಾಗಿದ್ದವು. 'ಎವಲ್ಯೂಷನ್' ಎಂಬುದರ ಯಜಮಾನರು 2015ರ ಮಾರ್ಚ್‌ನಲ್ಲಿ ಠೇವಣಿಯನ್ನೆಲ್ಲ ಬಾಚಿಕೊಂಡು ಕಾಣೆಯಾದರು. ಮೋಸಹೋದವರು ದೂರು ಕೊಡುವುದಾದರೂ ಯಾರಿಗೆ?

ಬಿಟ್‌ಕಾಯಿನ್ ಗುಟ್ಟಿನ ಹಣವೆಂಬುದೂ ಅರ್ಧ ಸತ್ಯ. ಅದರ ಪ್ರತಿಯೊಂದು ವರ್ಗಾವಣೆಯೂ ಎಲ್ಲರಿಗೂ ಕಾಣುವ, ಅಳಿಸಲಾಗದ ಲೆಕ್ಕದ ಪುಸ್ತಕದಲ್ಲಿ ಉಳಿಯುತ್ತದೆ. ಅಲ್ಲಿ ಹೆಸರಿನ ಬದಲು ಅಕ್ಷರ, ಅಂಕಿಗಳ ಸಾಲು ಇರುತ್ತದೆ, ಅಷ್ಟೆ. ಅದನ್ನು ಡಾಲರಿಗೆ ಬದಲಾಯಿಸಹೊರಟಾಗ ಹೆಸರು ಹೊರಬೀಳುವುದುಂಟು. ಸಿಲ್ಕ್ ರೋಡಿನ ತನಿಖೆಗೆ ನೇಮಕವಾಗಿದ್ದ ಇಬ್ಬರು ಅಧಿಕಾರಿಗಳೇ ಆ ಬಿಟ್‌ಕಾಯಿನ್ ಕದ್ದರು. ಲೆಕ್ಕದ ಜಾಡು ಅವರ ಮನೆಬಾಗಿಲಿಗೂ ಬಂದಿತು. 2015ರಲ್ಲಿ ಇಬ್ಬರಿಗೂ ಸೆರೆವಾಸದ ಶಿಕ್ಷೆಯಾಯಿತು.

2017ರಲ್ಲಿ 'ಆಲ್ಫಾಬೇ' ಎಂಬ ದೊಡ್ಡ ಸಂತೆ ಮುಚ್ಚಿತು. ದಿಕ್ಕೆಟ್ಟ ಗಿರಾಕಿಗಳು 'ಹಾನ್ಸಾ' ಎಂಬ ಇನ್ನೊಂದಕ್ಕೆ ಧಾವಿಸಿದರು. ಅಲ್ಲಿ ಎಂದಿನಂತೆ ವ್ಯಾಪಾರ ನಡೆದಿತ್ತು, ಠೇವಣಿ ಪಡೆಯುತ್ತಿದ್ದರು, ದೂರುಗಳಿಗೆ ಉತ್ತರವೂ ಸಿಗುತ್ತಿತ್ತು. ಸುಮಾರು ಒಂದು ತಿಂಗಳ ಕಾಲ ಅದನ್ನು ನಡೆಸಿದವರು ನೆದರ್‌ಲೆಂಡ್ಸ್‌ನ ಪೊಲೀಸರು.