ಅಂಕಿಗಳ ಹಾರ

ಸಂಖ್ಯೆಯೆಂದೊಡನೆ ಲೆಕ್ಕಪತ್ರ ನೆನಪಿಗೆ ಬರುವುದು ಸಹಜ. ಕೊಡಗಿನ ಅಮ್ಮತ್ತಿಯಲ್ಲಿ ಕಾಫಿ ಕೊಯ್ಲಿನ ಕಾಲ ಬಂದಿತೆಂದರೆ ಹಣ್ಣಿನ ತೂಕ, ಮೂಟೆಗಳ ಎಣಿಕೆ, ಆಳುಗಳ ಕೂಲಿ ಎಲ್ಲವೂ ಸಂಖ್ಯೆಗಳೇ. ಲೆಕ್ಕ ತೀರಿದ ಮೇಲೆ ಆ ಸಂಖ್ಯೆಗಳನ್ನು ಯಾರೂ ನೆನೆಯುವುದಿಲ್ಲ. ಆದರೆ ಯಾವ ವಸ್ತುವನ್ನೂ ಎಣಿಸದೆ ಬರಿದೆ ನಿಂತ ಸಂಖ್ಯೆಗೂ ತನ್ನದೇ ಆದ ಸ್ವಭಾವವುಂಟು. ಇದನ್ನು ಕಂಡು ಸಂತೋಷಪಟ್ಟವರು ನಮ್ಮ ನಾಡಿನಲ್ಲಿ ಬಹು ಹಿಂದೆಯೇ ಇದ್ದರು.

ಅವರಲ್ಲಿ ಮಹಾವೀರಾಚಾರ್ಯನು ಪ್ರಮುಖನು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಆತನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವೆಂಬ ಗ್ರಂಥವನ್ನು ರಚಿಸಿದನು. ಅದರಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳ ಹೆಸರುಗಳಿವೆ. ಗುಣಾಕಾರದ ಭಾಗದಲ್ಲಿ ಆತನು ಕೊಟ್ಟಿರುವ ಕೆಲವು ಲೆಕ್ಕಗಳ ಉತ್ತರಗಳು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿವೆ. ಇಂತಹ ಉತ್ತರಗಳನ್ನು ಆತನು ಕೊರಳ ಹಾರಕ್ಕೆ ಹೋಲಿಸಿದ್ದಾನೆ.

ಅವುಗಳಲ್ಲಿ ಒಂದನ್ನು ನೋಡೋಣ. 27994681 ಎಂಬುದನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಓದುವಾಗ ಇದು 1234 ಕೋಟಿ 56 ಲಕ್ಷ 54 ಸಾವಿರದ 321. ಅಂಕಿಗಳು ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುತ್ತವೆ. ಇದು ಕೇವಲ ಆಕಸ್ಮಿಕವೇ?

ಅಲ್ಲ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 5291ನ್ನು 21ರಿಂದ ಗುಣಿಸಿದರೆ 111111. ಆದುದರಿಂದ ಈ ದೊಡ್ಡ ಸಂಖ್ಯೆಯು 111111ರ ವರ್ಗವೇ ಆಗಿದೆ. 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವೇ 111111. ಹಾರದಲ್ಲಿ ಇವು ಒಂದೊಂದೂ ಎರಡೆರಡು ಸಲ ಸೇರಿವೆ.

ಏರಿಳಿತದ ಕಾರಣವೂ ಸರಳವಾದುದೇ. 111111ನ್ನು 111111ರಿಂದ ಗುಣಿಸುವಾಗ ಅದೇ ಸಂಖ್ಯೆಯನ್ನು ಆರು ಸಾಲುಗಳಲ್ಲಿ, ಪ್ರತಿ ಸಾಲನ್ನೂ ಒಂದು ಸ್ಥಾನ ಎಡಕ್ಕೆ ಸರಿಸಿ ಬರೆಯುತ್ತೇವೆ. ಬಲತುದಿಯ ಕಂಬದಲ್ಲಿ ಒಂದೇ ಒಂದು ಅಂಕಿ ಬೀಳುತ್ತದೆ, ಮುಂದಿನದರಲ್ಲಿ ಎರಡು. ನಡುವಿನ ಕಂಬದಲ್ಲಿ ಆರು ಒಂದುಗಳು ಸೇರುತ್ತವೆ. ಅಲ್ಲಿಂದ ಆಚೆಗೆ ಸಂಖ್ಯೆ ಇಳಿಯುತ್ತಾ ಹೋಗುತ್ತದೆ.

ಹಾಗಾದರೆ ಒಂದುಗಳನ್ನು ಹೆಚ್ಚಿಸುತ್ತಾ ಹೋದರೆ ಹಾರವು ಎಂದೆಂದಿಗೂ ಹೀಗೆಯೇ ಬೆಳೆಯುವುದೇ? ಒಂಬತ್ತು ಒಂದುಗಳ ವರ್ಗ 12345678987654321. ಇದುವರೆಗೆ ಕೊರತೆಯಿಲ್ಲ. ಹತ್ತು ಒಂದುಗಳ ವರ್ಗವಾದರೋ 1234567900987654321. ನಡುವಿನ ಕಂಬದಲ್ಲಿ ಮೊತ್ತ ಹತ್ತಾಯಿತು. ಅಲ್ಲಿ ಸೊನ್ನೆಯನ್ನು ಬರೆದು ಒಂದನ್ನು ಎಡಕ್ಕೆ ಸೇರಿಸಬೇಕಾಯಿತು. ಅಲ್ಲಿಗೆ ಹಾರ ಕಡಿಯಿತು.

ಒಂಬತ್ತು ಬಾರಿ ನಿಜವಾದದ್ದು ಹತ್ತನೆಯ ಬಾರಿಯೂ ನಿಜವಾಗುವುದೆಂದು ನಂಬುವಂತಿಲ್ಲ. ಕಣ್ಣು ಸೊಬಗನ್ನು ಕಾಣುತ್ತದೆ. ಆ ಸೊಬಗು ಎಲ್ಲಿಯವರೆಗೆ ನಿಲ್ಲುವುದೆಂಬುದನ್ನು ಕಾರಣವರಿತ ಬುದ್ಧಿಯೇ ಹೇಳಬಲ್ಲುದು. ದೊಡ್ಡ ಸಂಖ್ಯೆಯೊಂದು ಎದುರಾದಾಗ ಅದರ ಗಾತ್ರಕ್ಕೆ ಅಂಜದೆ, ಅದು ಯಾವ ಸಂಖ್ಯೆಗಳಿಂದ ಕೂಡಿ ಬಂದಿದೆಯೆಂದು ಕೇಳುವವನೇ ಗಣಿತದ ನಿಜವಾದ ವಿದ್ಯಾರ್ಥಿ.