ಚುಟುಕು ಹೆಸರಿಡುವ ಮುನ್ನ ಎಂಟು ಸೂತ್ರಗಳು

ಅಂಗಡಿಗಿರಲಿ, ಆ್ಯಪ್‌ಗಿರಲಿ, ಎಲ್ಲರಿಗೂ ಎರಡು-ಮೂರು ಅಕ್ಷರದ ಹೆಸರೇ ಬೇಕು. ಬೋರ್ಡಿಗೆ ಒಪ್ಪುತ್ತದೆ, ಬಾಯಿಗೂ ಹಗುರ. ಆದರೆ ಹೆಸರು ಗಿಡ್ಡವಾದಷ್ಟೂ ಅದೇ ಕಾಗುಣಿತ ಇನ್ನೊಂದು ನುಡಿಯಲ್ಲಿ ಬೇರೇನೋ ಆಗಿ ಕೂತಿರುವ ಸಂಭವ ಹೆಚ್ಚು.

1. ಮೊದಲು ಲೆಕ್ಕ ಹಾಕಿ. ಇಂಗ್ಲಿಷಿನ 26 ಅಕ್ಷರಗಳನ್ನು ಎರಡೆರಡಾಗಿ ಜೋಡಿಸಿದರೆ ಸಿಗುವುದು 676 ಜೋಡಿ ಮಾತ್ರ. ಅಷ್ಟರಲ್ಲೇ ಜಗತ್ತು ಸುಧಾರಿಸಬೇಕು. ನಮ್ಮ ಗಾಡಿಗಳ ನಂಬರ್ ಪ್ಲೇಟಿನ ‘ಕೆಎ’ ಭಾಷೆಗಳ ಸಂಕೇತಪಟ್ಟಿಯಲ್ಲಿ ಜಾರ್ಜಿಯನ್ ನುಡಿ. ಕನ್ನಡಕ್ಕೆ ಅಲ್ಲಿ ‘ಕೆಎನ್’. ಅದೇ ಕೆಎನ್ ವೆಬ್ ವಿಳಾಸದ ಬಾಲದಲ್ಲಿ ಬಂದರೆ ಕೆರಿಬಿಯನ್ನಿನ ಸೇಂಟ್ ಕಿಟ್ಸ್ ಮತ್ತು ನೆವಿಸ್ ದೇಶ!

2. ನೆರೆಮನೆಯಿಂದ ಶುರುಮಾಡಿ. ನಮ್ಮ ಲಿಪಿಯನ್ನು ತೆಲುಗರು ತಡವರಿಸಿಯಾದರೂ ಓದಬಲ್ಲರು. ‘ಮರಿ’ ನಮಗೆ ನಾಯಿಯದೋ ಕುರಿಯದೋ, ಅವರಿಗೆ ‘ಮತ್ತೆ?’ ‘ನಾಕು’ ನಮ್ಮ ಆಡುಮಾತಿನಲ್ಲಿ ನಾಲ್ಕು, ಅವರಿಗೆ ‘ನನಗೆ’. ‘ಪಾಲು’ ಕಂಡರೆ ಅವರ ಮನಸ್ಸು ಹಾಲಿನ ಕಡೆಗೂ ಹೋಗುತ್ತದೆ. (ಹಳಗನ್ನಡದಲ್ಲಿ ನಾವೂ ಹಾಲನ್ನು ‘ಪಾಲ್’ ಅಂದವರೇ.) ಬಳ್ಳಾರಿ, ಕೋಲಾರದ ಕಡೆ ಬೋರ್ಡು ಹಾಕುವವರು ಗಮನಿಸಿ.

3. ಹಿಂದಿಯವರಿಗೂ ಓದಿಸಿ. ‘ಆಗ’ ಅಲ್ಲಿ ಬೆಂಕಿ. ಗ್ಯಾಸ್ ಒಲೆ ಮಾರುವವರಿಗಾದರೆ ಲಾಭವೇ ಬಿಡಿ.

4. ಇಂಗ್ಲಿಷ್ ಪದ ಎಲ್ಲ ಕಡೆ ನಡೆಯುತ್ತದೆ ಎಂದುಕೊಳ್ಳಬೇಡಿ. ‘ಗಿಫ್ಟ್’ ಜರ್ಮನ್‌ನಲ್ಲಿ ವಿಷ. ಸ್ವೀಡಿಷ್‌ನಲ್ಲಿ ಅದೇ ಕಾಗುಣಿತಕ್ಕೆ ವಿಷ, ‘ಮದುವೆಯಾದ’ ಎರಡೂ ಅರ್ಥ. ತಮಾಷೆಯೆಂದರೆ ಮೂರಕ್ಕೂ ಬೇರು ‘ಕೊಡು’: ಪ್ರೀತಿಯಿಂದ ಕೊಟ್ಟದ್ದು ಉಡುಗೊರೆ, ಅಳೆದು ಕೊಟ್ಟ ಮದ್ದು ಕಾಲಾಂತರದಲ್ಲಿ ವಿಷ, ಹೆಣ್ಣು ಕೊಟ್ಟರೆ ಮದುವೆ. ಕೊನೆಯದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ‘ಮಿಸ್ಟ್’ ಇಂಗ್ಲಿಷಿನಲ್ಲಿ ಮಂಜು, ಜರ್ಮನ್‌ನಲ್ಲಿ ಸಗಣಿ. ‘ಸಿಲ್ವರ್ ಮಿಸ್ಟ್’ ಆಗಬೇಕಿದ್ದ ರೋಲ್ಸ್ ರಾಯ್ಸ್ ಕಾರು 1965ರಲ್ಲಿ ‘ಸಿಲ್ವರ್ ಶ್ಯಾಡೋ’ ಆಗಿ ಹೊರಬಂತು.

5. ಕಣ್ಣಿಗೆ ಪಾಸಾದದ್ದು ಕಿವಿಗೂ ಪಾಸಾಗಲಿ. ಟಾಟಾದವರು ‘ಜಿಪ್ಪಿ ಕಾರ್’ ಎಂಬುದನ್ನು ಮೊಟಕುಗೊಳಿಸಿ ‘ಜಿಕಾ’ ಎಂದಿದ್ದರು. ಸ್ಪೆಲಿಂಗಿನಲ್ಲಿ ಒಂದಕ್ಷರ ಬೇರೆ ಇದ್ದರೇನು, 2016ರಲ್ಲಿ ಜಿಕಾ ವೈರಸ್ ಸುದ್ದಿಯಾದಾಗ ಕಾರಿನ ಹೆಸರು ‘ಟಿಯಾಗೊ’ ಆಯಿತು.

6. ಅಕ್ಷರದ ಮೇಲಿನ ಗೆರೆ ನುಂಗಬೇಡಿ. ಸ್ಪ್ಯಾನಿಷ್‌ನಲ್ಲಿ ‘ಆನ್ಯೊ’ ವರ್ಷ. ‘ಎನ್’ ಮೇಲಿನ ಸೊಟ್ಟಗೆರೆ ಬಿಟ್ಟರೆ ಅದು ಗುದದ್ವಾರ. ಹೊಸವರ್ಷದ ಕಾರ್ಡು ಅಚ್ಚುಹಾಕಿಸುವವರೇ, ಎಚ್ಚರ.

7. ಕಟ್ಟುಕಥೆಗೆ ಹೆದರಬೇಡಿ. ಶೆವರ್ಲೆ ‘ನೋವಾ’ ಸ್ಪ್ಯಾನಿಷ್‌ನಲ್ಲಿ ‘ಓಡಲ್ಲ’ ಎಂದಾಗಿ ಮಕಾಡೆ ಮಲಗಿತು ಎಂಬ ಕಥೆ ಮ್ಯಾನೇಜ್‌ಮೆಂಟ್ ಕ್ಲಾಸುಗಳಲ್ಲಿ ಇನ್ನೂ ಓಡುತ್ತಿದೆ. ಮೆಕ್ಸಿಕೊ, ವೆನೆಜುವೆಲಾಗಳಲ್ಲಿ ಆ ಕಾರು ಚೆನ್ನಾಗಿಯೇ ಮಾರಾಟವಾಗಿತ್ತು.

8. ನಿಘಂಟು ಸಾಲದು. ಮಿತ್ಸುಬಿಷಿಯ ‘ಪಜೇರೊ’ ಸ್ಪೇನಿನಲ್ಲಿ ‘ಮೊಂಟೆರೊ’ ಆಗಬೇಕಾಯಿತು. ಮೂಲ ಹೆಸರು ಅಲ್ಲಿ ಪೋಲಿ ಬೈಗುಳ. ಹಾಗಾಗಿ ಹೆಸರನ್ನು ಆ ಊರಿನ ಕಾಲೇಜು ಹುಡುಗರಿಗೆ ತೋರಿಸಿ. ಅವರು ಮುಖ ಮುಖ ನೋಡಿಕೊಂಡು ಕಿಸಕ್ಕೆಂದರೆ, ಬೋರ್ಡು ಬರೆಯುವವನಿಗೆ ಅಡ್ವಾನ್ಸ್ ಕೊಡಬೇಡಿ.