ಎಳ್ಳೆಣ್ಣೆ ಉಣ್ಣಿರಿ, ಗುಳಿಗೆ ಬಿಡಬೇಡಿರಿ

ಸಂಕ್ರಾಂತಿ ಮುಗಿದ ವಾರ ಕಣಗಲಾ ಸಮೀಪದ ಹಳ್ಳಿಯ ರೈತರೊಬ್ಬರು ನನ್ನ ದವಾಖಾನೆಗೆ ಬಂದರು. ವಯಸ್ಸು ಐವತ್ತೈದು ದಾಟಿದೆ. ತಲೆ ಭಾರ, ಕಣ್ಣು ಮಂಜು ಎಂಬ ದೂರು. ರಕ್ತದೊತ್ತಡ ನೋಡಿದರೆ 180/110! ವಿಚಾರಿಸಿದಾಗ, "ಎಳ್ಳೆಣ್ಣಿ ಉಂಡ್ರ ಬಿ.ಪಿ. ತಾನಽ ಇಳಿತೈತಿ ಅಂದ್ರು, ಸಾಹೇಬ್ರ. ಗುಳಿಗಿ ಬಿಟ್ಟು ತಿಂಗಳಾತ್ರಿ" ಎಂದರು.

ಎಳ್ಳೆಣ್ಣೆ ಒಳ್ಳೆಯದೆಂಬ ಮಾತು ಸುಳ್ಳಲ್ಲ. ಆದರೆ ಯಾವುದಕ್ಕೆ, ಎಷ್ಟರ ಮಟ್ಟಿಗೆ ಒಳ್ಳೆಯದು ಎಂಬುದನ್ನು ತಿಳಿದಿರಬೇಕು.

ಎಣ್ಣೆಯಲ್ಲಿ ಏನಿದೆ?

ಎಳ್ಳಿನ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ. ಇದರಲ್ಲಿ ಒಲಿಯಿಕ್ ಮತ್ತು ಲಿನೋಲಿಯಿಕ್ ಆಮ್ಲಗಳು ತಲಾ ಶೇ. 40ರ ಆಸುಪಾಸಿನಲ್ಲಿವೆ. ತುಪ್ಪ, ವನಸ್ಪತಿಗಳಲ್ಲಿ ಹೆಚ್ಚಾಗಿರುವ ಸಂತೃಪ್ತ ಕೊಬ್ಬು ಇದರಲ್ಲಿ ಶೇ. 15ರಷ್ಟು ಮಾತ್ರ. ಆದ್ದರಿಂದ ವನಸ್ಪತಿಯ ಬದಲು ಎಳ್ಳೆಣ್ಣೆ ಬಳಸಿದರೆ ರಕ್ತದ ಕೊಲೆಸ್ಟರಾಲ್ ಹತೋಟಿಗೆ ಅನುಕೂಲ.

ಒಂದು ಮಾತು ನೆನಪಿರಲಿ. ಎಳ್ಳಿನಲ್ಲಿರುವ ಸುಣ್ಣದಂಶ, ಕಬ್ಬಿಣ, ಪ್ರೋಟೀನುಗಳು ಎಣ್ಣೆಗೆ ಇಳಿಯುವುದಿಲ್ಲ. ಗಾಣದ ಹಿಂಡಿಯಲ್ಲೇ ಉಳಿಯುತ್ತವೆ. ಅವು ಬೇಕಾದರೆ ಎಳ್ಳನ್ನೇ ತಿನ್ನಬೇಕು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಳ್ಳಿನ ಚಟ್ನಿಪುಡಿ ಇದಕ್ಕೆ ಉತ್ತಮ.

ಬೇಗ ಕೆಡುವುದಿಲ್ಲವೇಕೆ?

ಗಾಳಿಯ ಆಮ್ಲಜನಕ ತಾಗಿದರೆ ಎಣ್ಣೆ ಕ್ರಮೇಣ ಕೆಟ್ಟು ಕಮಟು ವಾಸನೆ ಬರುತ್ತದೆ. ಎಳ್ಳೆಣ್ಣೆ ಇದನ್ನು ಬಹುಕಾಲ ತಡೆಯುತ್ತದೆ. ಅದರಲ್ಲಿರುವ ಸೆಸಮಿನ್, ಸೆಸಮೋಲಿನ್ ಎಂಬ ವಸ್ತುಗಳು ಹಾಗೂ 'ಇ' ಜೀವಸತ್ವದ ಬಳಗದ ಟೊಕೋಫೆರಾಲ್ ಇದಕ್ಕೆ ಕಾರಣ. ಎಳ್ಳನ್ನು ಹುರಿದಾಗ ಸೆಸಮೋಲಿನ್ ಒಡೆದು ಸೆಸಮೋಲ್ ಉಂಟಾಗುತ್ತದೆ. ಇದು ಪ್ರಬಲ ಉತ್ಕರ್ಷಣ ನಿರೋಧಕ. ರಿಫೈನ್ಡ್ ಎಣ್ಣೆಯಲ್ಲಿ ಇಂಥ ಕೆಲವು ಅಂಶಗಳು ಕಡಿಮೆಯಾಗಿರುತ್ತವೆ.

ಆದರೆ ಸೀಸೆಯಲ್ಲಿ ಎಣ್ಣೆಯನ್ನು ಕಾಯುವ ವಸ್ತು ನಮ್ಮ ರಕ್ತನಾಳಗಳನ್ನೂ ಅಷ್ಟೇ ಬಲವಾಗಿ ಕಾಯುತ್ತದೆ ಎನ್ನಲಾಗದು. ಎಳ್ಳೆಣ್ಣೆ ಬಳಸಿದವರಲ್ಲಿ ರಕ್ತದೊತ್ತಡ ತುಸು ಇಳಿದದ್ದು ಕೆಲವು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ಗುಳಿಗೆಯ ಬದಲಿಗೆ ಎಣ್ಣೆ ಸಾಕು ಎಂಬುದಕ್ಕೆ ಆಧಾರವಿಲ್ಲ.

ಬಳಸುವ ಬಗೆ

* ಯಾವ ಎಣ್ಣೆಯಾದರೂ ಗ್ರಾಂಗೆ 9 ಕ್ಯಾಲೊರಿ. ಎಲ್ಲ ಎಣ್ಣೆ ಸೇರಿ ಒಬ್ಬರಿಗೆ ದಿನಕ್ಕೆ ಐದು ಚಹಾ ಚಮಚ, ಅಂದರೆ ನಾಲ್ವರ ಮನೆಗೆ ತಿಂಗಳಿಗೆ ಮೂರು ಕಿಲೋ ಸಾಕು.
* ಶೇಂಗಾ ಎಣ್ಣೆಯ ಜೊತೆಗೆ ಹೆಚ್ಚುವರಿಯಾಗಿ ಬೇಡ. ಅದರಲ್ಲಿ ಸ್ವಲ್ಪ ಕಡಿಮೆ ಮಾಡಿ ಎಳ್ಳೆಣ್ಣೆ ಬಳಸಿರಿ. ಚಟ್ನಿಪುಡಿಗೆ ಹಸಿ ಎಣ್ಣೆ ಹಾಕಿಕೊಳ್ಳುವ ನಮ್ಮ ರೂಢಿಗೆ ಇದು ಚೆನ್ನಾಗಿ ಹೊಂದುತ್ತದೆ.
* ಬಿಗಿ ಮುಚ್ಚಳದ ಸೀಸೆಯಲ್ಲಿ ಬೆಳಕು, ಬಿಸಿಲು ತಾಗದಂತೆ ಇಡಿರಿ. ಕರಿದು ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿರಿ.
* ಎಳ್ಳು ತಿಂದಾಗ ತುರಿಕೆ, ದದ್ದು, ತುಟಿ ಬಾವು ಬರುವವರು ಎಳ್ಳೆಣ್ಣೆಯನ್ನೂ ಬಿಡಬೇಕು. ಉಸಿರು ಕಟ್ಟಿದರೆ ತಡಮಾಡದೆ ದವಾಖಾನೆಗೆ ಹೋಗಬೇಕು.

ಆ ರೈತರು ಪುನಃ ಗುಳಿಗೆ ಆರಂಭಿಸಿದರು, ಉಪ್ಪು-ಉಪ್ಪಿನಕಾಯಿ ಕಡಿಮೆ ಮಾಡಿದರು. ಮೂರು ವಾರದ ನಂತರ ಒತ್ತಡ 140/90ಕ್ಕೆ ಇಳಿದಿತ್ತು. "ಎಳ್ಳೆಣ್ಣಿ ಬಿಡ್ಲೇನ್ರಿ?" ಎಂದು ಕೇಳಿದರು. ಬಿಡಬೇಕಾಗಿಲ್ಲ, ಅದು ಊಟದಲ್ಲಿರಲಿ, ಗುಳಿಗೆ ಮಾತ್ರ ಒಂದು ದಿನವೂ ತಪ್ಪದಿರಲಿ ಎಂದೆ.